ಎಡಗಾಲಿಗೆ ಬೀಳುವ ಪೆಟ್ಟು

"ಮೊಣಕಾಲೂರಬೇಕು ಅನ್ನೋ ಒಂದು ಮಾತು ಇಲ್ಲದಿದ್ರೆ ಈಗಲೇ ಎದ್ದು ಬರ್ತಿದ್ದೆ, ಕ್ಯಾಪ್ಟನ್," ಎಂದ ನೆವಿಲ್ ಮಾಲ್ಟ್‌ಬಿ.

ಅವನ ಅಕ್ಕ ಎನಿಡ್‌ಳ ಅಡುಗೆಮನೆ. ಮೇಜಿನ ಮೇಲೆ ಟೀ ಪಾತ್ರೆ ಉಣ್ಣೆಯ ಟೋಪಿ ಹೊದ್ದು ಕೂತಿತ್ತು. ಕ್ಯಾಪ್ಟನ್ ಮ್ಯೂರಿಯಲ್ ಪೀಸ್‌ಗುಡ್ ತನ್ನ ನೀಲಿ ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು, ಬಿಸ್ಕತ್ತನ್ನು ಟೀಯಲ್ಲಿ ಅದ್ದುವುದೋ ಬೇಡವೋ ಎಂಬಂತೆ ಕೈಯಲ್ಲೇ ಹಿಡಿದಿದ್ದಳು. ರಕ್ಷಣ್ಯ ಸೇನೆಯ ಗ್ರಿಮ್ಸ್‌ಬಿ ದಳಕ್ಕೆ ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದೂಕಿಲ್ಲದ ಸೇನೆ ಅದು. ಕಹಳೆ, ಡ್ರಮ್ಮು, ಪ್ರಾರ್ಥನೆ, ಇಷ್ಟೇ ಅದರ ಆಯುಧ. ಭಾನುವಾರ ಬಂತೆಂದರೆ ನೀಲಿ ಸಮವಸ್ತ್ರ ತೊಟ್ಟು, ದೇವರ ಹೆಸರು ಹೇಳುತ್ತ ಬೀದಿಗಿಳಿಯುವ ಜನ.

"ಮುಂದಿನ ಭಾನುವಾರ ದಳದ ವಾರ್ಷಿಕೋತ್ಸವ," ಎಂದಳು ಕ್ಯಾಪ್ಟನ್. "ನಿಮ್ಮ ತಂದೆ ಡ್ರಮ್ಮು ಕೆಳಗಿಟ್ಟ ಮೇಲೆ ಅದನ್ನ ಹೊರೋರು ಯಾರೂ ಸಿಕ್ಕಿಲ್ಲ. ಡ್ರಮ್ಮಿಲ್ಲದೆ ಮೆರವಣಿಗೆ ಹೋಗ್ತಿದ್ದೀವಿ."

"ವಿನಿಗರ್ ಇಲ್ಲದ ಚಿಪ್ಸ್ ಥರ," ಎಂದಳು ಎನಿಡ್, ಒಲೆಯ ಕಡೆಯಿಂದ ತಿರುಗದೆ.

"ಉಪ್ಪೂ ಇಲ್ಲ," ಎಂದು ಕ್ಯಾಪ್ಟನ್ ಒಪ್ಪಿಕೊಂಡಳು. "ಆದ್ರೆ ನಿಯಮ ನಾನು ಮಾಡಿದ್ದಲ್ಲ, ಮಿಸ್ಟರ್ ಮಾಲ್ಟ್‌ಬಿ. ಸಮವಸ್ತ್ರ ಇದ್ದವರೇ ಡ್ರಮ್ಮು ಮುಟ್ಟಬೇಕು. ದಳದಲ್ಲಿ ಹೆಸರಿದ್ದವರಿಗೇ ಸಮವಸ್ತ್ರ. ತೆಗೆದುಹಾಕಿದ ಹೆಸರು ವಾಪಸು ಬರಬೇಕು ಅಂದ್ರೆ ಕೃಪಾಸನದ ಮುಂದೆ ಬರಬೇಕು. ಹಳೇದನ್ನ ಬಿಟ್ಟೆ ಅಂತ ಹೇಳಬೇಕು."

ಕೃಪಾಸನವೆಂದರೆ ಪ್ರಾರ್ಥನೆಯ ಹಾಲ್‌ನಲ್ಲಿ ವೇದಿಕೆಯ ಕೆಳಗಿರುವ ಒಂದು ಬರೀ ಮರದ ಬೆಂಚು. ಎಷ್ಟೋ ಜನರ ಮೊಣಕೈ ತಾಗಿ ಅದರ ಅಂಚು ನುಣ್ಣಗಾಗಿತ್ತು. ನೆವಿಲ್ ಚಿಕ್ಕಂದಿನಲ್ಲಿ ಅದರ ಕೆಳಗೆ ನುಸುಳಿ ಆಡಿದ್ದವನು. ಅಲ್ಲಿ ಕುಡುಕರು ಅತ್ತದ್ದನ್ನು ಕಂಡಿದ್ದ, ಹೆಂಡತಿಗೆ ಹೊಡೆದವರು ನಡುಗಿದ್ದನ್ನು ಕಂಡಿದ್ದ. ಅದು ಸುಳ್ಳಿನ ಜಾಗವಲ್ಲವೆಂದು ಅವನಿಗೆ ಗೊತ್ತಿತ್ತು. ತೊಡಕಿದ್ದದ್ದೇ ಅಲ್ಲಿ.

"ಕುಡಿದಿದ್ದಕ್ಕೆ ಮೊಣಕಾಲೂರು ಅಂದ್ರೆ ಊರ್ತೀನಿ. ಅದನ್ನ ಬಿಟ್ಟು ವರ್ಷದ ಮೇಲಾಯ್ತು," ಎಂದ. "ಆದ್ರೆ ನೀವು ಬಿಡು ಅಂತಿರೋದು ಬಾಟ್ಲಿಯಲ್ಲ. ಡಾನ್ಸ್ ಹಾಲ್‌ಗಳಲ್ಲಿ ಡ್ರಮ್ಮು ಬಾರಿಸಿದ್ದು ಪಾಪ ಅಂತ ನಾನು ಹೇಳಬೇಕು. ಅದು ನನ್ನ ಬಾಯಿಗೆ ಬರಲ್ಲ. ಬರಿಸ್ಕೊಂಡು ಹೇಳಿದ್ರೆ ಅದು ಸುಳ್ಳು. ಆ ಬೆಂಚಿನ ಮುಂದೆ ನಾನು ಸುಳ್ಳು ಹೇಳಲಾರೆ."

"ನನಗೂ ಕೇಳೋಕೆ ಇಷ್ಟ ಇಲ್ಲ," ಎಂದು ಕ್ಯಾಪ್ಟನ್ ಕೊನೆಗೂ ಬಿಸ್ಕತ್ತನ್ನು ಅದ್ದಿದಳು. ಅಷ್ಟರಲ್ಲಿ ಅದು ಮುರಿದು ಬಟ್ಟಲಿನ ತಳ ಸೇರಿತು.

ನೆವಿಲ್‌ಗೆ ಆ ಡ್ರಮ್ಮು ಬೇಕಾಗಿತ್ತು. ಊರಿಗೆ ಮರಳಿದಂದಿನಿಂದ ಅವನಿಗೆ ಬೇಕೆನಿಸಿದ್ದು ಅದೊಂದೇ. ಅದರ ಹಿಂದೆ, ತನ್ನ ಜನರ ನಡುವೆ, ಒಂದು ಆಳು ನಿಲ್ಲುವಷ್ಟು ಜಾಗ.

ಅಪ್ಪ ಹರ್ಬರ್ಟ್ ಹಡಗುಕಟ್ಟೆಯಲ್ಲಿ ಮೀನು ಸೀಳುವ ಕೆಲಸದವನು. ವಾರವಿಡೀ ಕೈಯಲ್ಲಿ ಕತ್ತಿ, ಭಾನುವಾರ ಡ್ರಮ್ಮಿನ ಕೋಲು. ರಾತ್ರಿ ಊಟದ ತಟ್ಟೆಗಳನ್ನು ಸರಿಸಿದ ಮೇಲೆ ಅಪ್ಪ ಬೈಬಲ್ಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದ. ಪ್ರತಿ ಸಾಲು ನಡುವೆ ಒಮ್ಮೆ ನಿಲ್ಲುತ್ತಿತ್ತು. ಅಪ್ಪ ಉಸಿರೆಳೆದುಕೊಳ್ಳುತ್ತಿದ್ದ. ಆಮೇಲೆ ಸಾಲಿನ ಉಳಿದರ್ಧ ಬಂದು ಕೂಡಿಕೊಳ್ಳುತ್ತಿತ್ತು. ಬೆಂಕಿಯ ಮುಂದೆ ಮಂಡಿ ತಬ್ಬಿ ಕೂತ ಹುಡುಗನಿಗೆ ಮಾತುಗಳು ಅರ್ಥವಾಗುವುದಕ್ಕಿಂತ ಮೊದಲೇ ಆ ನಿಲುಗಡೆ ಅರ್ಥವಾಗಿತ್ತು. ಅಮ್ಮನ ಇಬ್ಬರು ತಮ್ಮಂದಿರು ಸಮುದ್ರದ ಮೇಲಿದ್ದರು. ರೇಡಿಯೋದಲ್ಲಿ ಕಡಲಿನ ಹವಾಮಾನ ಓದುವಾಗ ಯಾರೂ ಚಮಚ ಅಲ್ಲಾಡಿಸುವಂತಿರಲಿಲ್ಲ. ಡಾಗರ್, ಫಿಶರ್, ಹಂಬರ್ ಎಂದು ಆ ದನಿ ಒಂದೊಂದೇ ಕಡಲಭಾಗದ ಹೆಸರು ಹೇಳಿ, ನಡುನಡುವೆ ತಡೆದು, ಗಾಳಿ ಎಷ್ಟೆಂದು ಹೇಳುತ್ತಿತ್ತು. ಆ ತಡೆಯುವಿಕೆಯಲ್ಲಿ ಅಮ್ಮ ಕಣ್ಣು ಮುಚ್ಚಿರುತ್ತಿದ್ದಳು. ಸದ್ದು ಮಾಡುವುದು ಯಾರಿಗಾದರೂ ಬರುತ್ತದೆ. ಸದ್ದಿಲ್ಲದ ಕಡೆ ಸುಮ್ಮನಿರುವುದನ್ನು ಅವನು ಕಲಿತದ್ದು ಅಪ್ಪನಿಂದ ಮತ್ತು ಆ ರೇಡಿಯೋ ದನಿಯಿಂದ.

ಹರೆಯಕ್ಕೆ ಬಂದಾಗ ಅಪ್ಪನ ಬೆನ್ನುನೋವಿನ ವಾರಗಳಲ್ಲಿ ಡ್ರಮ್ಮು ನೆವಿಲ್‌ನ ಹೆಗಲಿಗೆ ಬಂತು. ದೊಡ್ಡ ಪೆಟ್ಟು ಎಡಗಾಲಿಗೆ ಬೀಳಬೇಕು, ಇಷ್ಟೇ ಅಪ್ಪ ಹೇಳಿಕೊಟ್ಟದ್ದು. ಹುಡುಗ ಬಾರಿಸಿದರೆ ನಡೆಯೋದು ಹಗುರ ಅನ್ನಿಸುತ್ತೆ ಎಂದು ದಳದ ಮುದುಕಿಯರು ಅಪ್ಪನ ಎದುರಿಗೇ ಹೇಳುತ್ತಿದ್ದರು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಬೆನ್ನುನೋವು ಮಾತ್ರ ಬೇಗ ವಾಸಿಯಾಗುತ್ತಿತ್ತು.

ಆಗ ರಾಯ್ ಸ್ಕಿಪ್‌ವರ್ತ್ ಬಂದ. ಅವನಿಗೊಂದು ಗಿಟಾರು, ಮೀನಿನ ವ್ಯಾಪಾರಿಯಿಂದ ಎರವಲು ತಂದ ಒಂದು ವ್ಯಾನು, ಹಾಡುವ ಒಬ್ಬ ಗೆಳೆಯ. 'ಡಾಗರ್ ಲೈಟ್ಸ್' ಎಂದು ಹೆಸರಿಟ್ಟುಕೊಂಡು ಕ್ಲೀಥೋರ್ಪ್ಸ್‌ನ ಸಮುದ್ರದಂಡೆಯ ನೃತ್ಯದ ಹಾಲ್‌ಗಳಲ್ಲಿ ಬಾರಿಸುತ್ತಿದ್ದರು. ಅವರಿಗೆ ಡ್ರಮ್ಮಿನವನು ಬೇಕಾಗಿತ್ತು. ಸೇನೆಯ ಬ್ಯಾಂಡಿನವರು ಹೊರಗಿನ ಬ್ಯಾಂಡಿನಲ್ಲಿ ಬಾರಿಸುವಂತಿಲ್ಲ ಎಂಬ ನಿಯಮ ನೆವಿಲ್‌ಗೆ ಗೊತ್ತಿತ್ತು. ಶನಿವಾರ ಹೋದ. ಭಾನುವಾರ ಬೆಳಿಗ್ಗೆ, ಮೆರವಣಿಗೆ ಹೊರಡುವ ಮುಂಚೆ, ಬ್ಯಾಂಡಿನ ಸಾರ್ಜೆಂಟ್ ಆಗಿದ್ದ ಅಪ್ಪ ಎಲ್ಲರ ಎದುರಿಗೆ ಮಗನ ಹೆಗಲಿನ ಪಟ್ಟಿ ಬಿಚ್ಚಿದ. ಬೈಯಲಿಲ್ಲ. ಡ್ರಮ್ಮನ್ನು ತನ್ನ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಮುಂದಿನದನ್ನು ಊರು ಪತ್ರಿಕೆಯಲ್ಲಿ ಓದಿತು. ವ್ಯಾನಿನ ಮೀನುನಾತ ಲಂಡನ್ನಿನವರೆಗೂ ಹೋಯಿತು, ಹ್ಯಾಂಬರ್ಗಿಗೂ ಹೋಯಿತು. ನುಣುಪು ವೇದಿಕೆಯ ಮೇಲೆ ಕಾಲಲ್ಲಿ ಒದ್ದು ಬಾರಿಸುವ ಡ್ರಮ್ಮು ಮುಂದೆ ಮುಂದೆ ಜಾರುತ್ತದೆ. ಹಾಗಾಗಿ ಪ್ರತಿ ಡ್ರಮ್ಮಿನವನೂ ಒಂದು ಕಂಬಳಿ ಚೂರನ್ನು ಹೊತ್ತು ತಿರುಗುತ್ತಾನೆ. ನೆವಿಲ್‌ಗೆ ಅಮ್ಮ ಬೆಂಕಿಯ ಮುಂದೆ ಹಾಸಿದ್ದ ಚಿಂದಿಬಟ್ಟೆಯ ಹಾಸನ್ನೇ ಗುಟ್ಟಾಗಿ ಸುತ್ತಿ ಕೊಟ್ಟಳು. ಅದರಲ್ಲಿ ಅಪ್ಪನ ಹಳೆಯ ಕೋಟಿನ ನೀಲಿ ಇತ್ತು, ಎನಿಡ್‌ಳ ಶಾಲೆಯ ಲಂಗದ ಕಂದು ಇತ್ತು. ಅದರ ಮೇಲೆ ಕೂತು ಅವನು ಡೆಟ್ರಾಯಿಟ್‌ನಲ್ಲಿ ಬಾರಿಸಿದ. ಅವನ ಪೆಟ್ಟು ಅಪ್ಪ ಕಲಿಸಿದ ಕಡೆ ಬೀಳುತ್ತಿರಲಿಲ್ಲ. ರಾಕ್ ಸಂಗೀತದ ಜೀವ ಇರುವುದು ಒಂದು, ಎರಡು, ಮೂರು, ನಾಲ್ಕು ಎಂಬ ಎಣಿಕೆಯ ಎರಡನೆಯದರಲ್ಲಿ ಮತ್ತು ನಾಲ್ಕನೆಯದರಲ್ಲಿ. ಒಂದು ಎಂದು ಎಲ್ಲರ ಕಾಲು ನೆಲಕ್ಕಿಳಿದ ಮೇಲೆ, ಎರಡು ಎಂದು ಅವನ ಕೋಲು ಇಳಿಯುತ್ತಿತ್ತು. ಆ ಕಾಯುವ ಚೂರು ಹೊತ್ತಿನಲ್ಲಿ ಸಾವಿರಾರು ಜನ ಉಸಿರು ಹಿಡಿಯುತ್ತಿದ್ದರು. ಎರಡು ಹಾಡು ದೇಶವೆಲ್ಲ ಹರಡಿದವು. ಹಡಗುಕಟ್ಟೆಯ ಹುಡುಗರು ಮೀನಿನ ಪೆಟ್ಟಿಗೆಗಳ ಮೇಲೆ ಅವನ ಪೆಟ್ಟನ್ನೇ ಬಾರಿಸಿದರು.

ಅಮ್ಮ ತೀರಿಕೊಂಡಾಗ ಅವನು ಅಮೆರಿಕದಲ್ಲಿದ್ದ. ಮಹಿಮೆಗೆ ಬಡ್ತಿ ಸಿಕ್ಕಿತು ಎನ್ನುತ್ತಾರೆ ಸೇನೆಯವರು. ಆ ಬಡ್ತಿಯ ಸುದ್ದಿ ಅವನಿಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಆಮೇಲೆ ಕುಡಿತ. ಆಮೇಲೆ ರಾಯ್‌ಗೂ ಹಾಡುವವನಿಗೂ ಮಾತು ನಿಂತಿತು. ಡಸೆಲ್‌ಡಾರ್ಫ್‌ನ ಒಂದು ಹೋಟೆಲಿನ ಉಪಾಹಾರದ ಮೇಜಿನಲ್ಲಿ, ಮೊಟ್ಟೆ ಆರುತ್ತಿರುವಾಗ, ಡಾಗರ್ ಲೈಟ್ಸ್ ಆರಿತು. ನೆವಿಲ್ ಊರಿಗೆ ಬಂದು ಅಕ್ಕನ ಮನೆಯ ಮೇಲಿನ ಕೋಣೆ ಹಿಡಿದ. ಬಂದ ವಾರವೇ ಬಾಟ್ಲಿಗಳನ್ನು ಸುರಿದ. ಆ ಗಟ್ಟಿತನ ಎಲ್ಲಿಂದ ಬಂತೆಂದು ಅವನಿಗೇ ಗೊತ್ತಾಗಲಿಲ್ಲ.

ಅಪ್ಪ ಅದೇ ಮನೆಯ ಮುಂದಿನ ಕೋಣೆಯಲ್ಲಿ, ಗಾಲಿಕುರ್ಚಿಯಲ್ಲಿ.

ಕ್ಯಾಪ್ಟನ್ ಹೋದ ಮೇಲೆ ನೆವಿಲ್ ಅವನಿಗೆ ಟೀ ತೆಗೆದುಕೊಂಡು ಹೋದ.

"ಏನಂತೆ ಆ ಹುಡುಗಿ?" ಎಂದ ಅಪ್ಪ, ಕಿಟಕಿಯ ಕಡೆಗೇ ನೋಡುತ್ತ.

"ಡ್ರಮ್ಮು ಹೊರ್ತೀಯಾ ಅಂತ ಕೇಳಿದ್ರು."

"ನೀ ಏನಂದೆ?"

"ಮೊಣಕಾಲೂರಲ್ಲ ಅಂದೆ."

ಅಪ್ಪ ಒಂದು ಗುಟುಕು ಕುಡಿದ. ಮೀನಿಗೆ ಹೊಗೆ ಹಿಡಿಸುವ ಮನೆಯ ಮಾಡಿನ ಮೇಲೆ ಕಡಲಹಕ್ಕಿಗಳು ಜಗಳವಾಡುತ್ತಿದ್ದವು.

"ಸಕ್ಕರೆ ಸಾಲ್ದು," ಎಂದ.

"ಎನಿಡ್ ಇಷ್ಟೇ ಹಾಕು ಅಂದ್ಳು."

"ಅವಳು ನಿನ್ನ ಅಮ್ಮನ್ನ ಮೀರಿಸಿದಾಳೆ." ಇನ್ನೊಂದು ಗುಟುಕು ಕುಡಿದು, "ನನ್ನ ಜಾಗಕ್ಕೆ ಬಂದ ಸಾರ್ಜೆಂಟ್ ಹೊರೇಸ್‌ಗೆ ಖುಷಿ ಆಗಿರುತ್ತೆ. ಅವನಿಗೆ ನಿಯಮ ಅಂದ್ರೆ ಪುಡ್ಡಿಂಗ್ ಇದ್ದ ಹಾಗೆ, ಎರಡು ಸಲ ಬಡಿಸ್ಕೊಳ್ತಾನೆ."

ಅಪ್ಪ ಇಷ್ಟು ಉದ್ದದ ಮಾತನ್ನು ಅವನ ಜೊತೆ ಆಡಿ ಎಷ್ಟೋ ಕಾಲವಾಗಿತ್ತು. ನೆವಿಲ್ ಬಾಗಿಲಲ್ಲೇ ನಿಂತ. ಅಪ್ಪ ಕಿಟಕಿಯ ಕಡೆಗೇ ನೋಡುತ್ತ ಟೀಯನ್ನು ಪೂರ್ತಿ ಕುಡಿದ.

ಗುರುವಾರ ಕ್ಯಾಪ್ಟನ್ ಮತ್ತೆ ಬಂದಳು. ಈ ಸಲ ಹೊರೇಸ್ ಬ್ಲೇಡ್ಸ್ ಕೂಡ ಜೊತೆಗಿದ್ದ. ಈಗ ಬ್ಯಾಂಡಿನ ಸಾರ್ಜೆಂಟ್ ಅವನೇ, ಕಾರ್ನೆಟ್ ಊದುವವನು. ತೆಳ್ಳಗೆ, ನೆಟ್ಟಗೆ, ಗುಂಡಿಗಳು ಫಳಫಳ.

"ದಾರಿ ಒಂದು ಹುಡುಕಿದೀನಿ," ಎಂದಳು ಕ್ಯಾಪ್ಟನ್. "ಪ್ರಾರ್ಥನೆಯ ಹಾಲ್ ಸೇನೆಯದು. ಅಲ್ಲಿ ನಾನು ಏನೂ ಮಾಡೋ ಹಾಗಿಲ್ಲ. ಬೀದಿ ಊರಿನದು. ಬೀದಿಯಲ್ಲಿ ಭಾರ ಹೊರೋಕೆ ಯಾರಾದ್ರೂ ಕೈ ಜೋಡಿಸಬಹುದು. ನೀವು ಡ್ರಮ್ಮು ಹೊರಿ. ಸಮವಸ್ತ್ರ ಬೇಡ."

"ಹೊರೋನು ಬಾರಿಸೋ ಹಾಗಿಲ್ಲ," ಎಂದ ಹೊರೇಸ್.

"ಹೊತ್ತವನ ಕೈಯಲ್ಲಿ ಕೋಲು ಇದ್ರೆ ನಾನು ಏನು ಮಾಡಲಿ, ಸಾರ್ಜೆಂಟ್? ಕೋಲನ್ನ ನೀವು ಹಿಡ್ಕೊಳ್ತೀರಾ? ಕಾರ್ನೆಟ್ ಯಾರು ಊದಬೇಕು?"

ಹೊರೇಸ್ ನೆವಿಲ್ ಕಡೆ ತಿರುಗಿ, "ಈ ಒಂದು ಭಾನುವಾರಕ್ಕೆ ಮಾತ್ರ. ಸರಿಹೋದ್ರೆ ಕ್ಯಾಪ್ಟನ್ ಲಂಡನ್ನಿನ ಕೇಂದ್ರ ಕಚೇರಿಗೆ ಬರೀತಾರಂತೆ, ಬರೀಲಿ. ಸರಿಹೋಗದಿದ್ರೆ ಈ ಮಾತು ಮತ್ತೆ ಎತ್ತಬಾರದು. ಒಂದು ಸಲ ಅಭ್ಯಾಸಕ್ಕೆ ಬರ್ತೀಯಾ?"

"ನಡಿಗೆಯ ಹಾಡಿಗೆ ಅಭ್ಯಾಸ ಯಾಕೆ, ಹೊರೇಸ್," ಎಂದು ನೆವಿಲ್ ನಕ್ಕ. "ಒಂದು ಎರಡು, ಎಡ ಬಲ. ಹುಟ್ಟಿದಾಗಿನಿಂದ ಕೇಳಿದೀನಿ."

ಅವನು ನಗಬಾರದಿತ್ತು.

ಭಾನುವಾರ ಹಂಬರ್ ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮುಂದೆ ಬಾವುಟ, ಅದರ ಹಿಂದೆ ಕ್ಯಾಪ್ಟನ್, ಅವಳ ಹಿಂದೆ ಕಹಳೆಗಳು, ನಡುವೆ ನೆವಿಲ್, ಹಿಂದೆ ಸಾಲಾಗಿ ದಳದ ಹಿರಿಯರು. ಎಲ್ಲರೂ ನೀಲಿ, ಅವನೊಬ್ಬ ಕಂದು ಕೋಟು. ಕೊನೆಯಲ್ಲಿ ಎನಿಡ್ ಅಪ್ಪನ ಕುರ್ಚಿ ತಳ್ಳಿಕೊಂಡು ಬರುತ್ತಿದ್ದಳು. ಡ್ರಮ್ಮಿನ ಪಟ್ಟಿ ಹೆಗಲ ಮೇಲೆ ಕೂತ ಕೂಡಲೇ ನೆವಿಲ್ ಬೆನ್ನು ನೆಟ್ಟಗೆ ಮಾಡಿದ. ಮೊದಲ ಹಾಡು ಸರಾಗವಾಗಿ ಸಾಗಿತು. ದಪ್ಪ ಪೆಟ್ಟು, ಎಡಗಾಲು. ದಪ್ಪ ಪೆಟ್ಟು, ಎಡಗಾಲು. ಅರವತ್ತು ಎಪ್ಪತ್ತು ದಾಟಿದ ಕಾಲುಗಳು ಒಂದೇ ಕಾಲಿನಂತೆ ನಡೆದವು.

ಫ್ರೀಮನ್ ಬೀದಿಯಲ್ಲಿ ಜನ ಅಂಗಡಿ ಬಾಗಿಲುಗಳಲ್ಲಿ ನಿಂತಿದ್ದರು. ಕಟುಕನ ಅಂಗಡಿಯ ಮುಂದೆ ಯಾರೋ ಕೂಗಿದರು: "ಏ ನೆವ್, ಡೆಟ್ರಾಯಿಟ್ ಇದಕ್ಕಿಂತ ದೊಡ್ಡದಾ?"

"ಚಿಪ್ಸ್ ಇಲ್ಲಿನದೇ ವಾಸಿ," ಎಂದು ಅವನು ಕೂಗಿ ಹೇಳಿದ. ಜನ ನಕ್ಕರು. ಎರಡನೇ ಹಾಡು ಮೊದಲಿನದಕ್ಕಿಂತ ಬಿರುಸು. ಕಹಳೆಗಳು ಮೇಲೇರಿದವು. ಅವನ ಎದೆಯಲ್ಲಿ ಏನೋ ಸಡಿಲಾಯಿತು. ಆ ಸಡಿಲಿನಲ್ಲಿ ಕೈ, ಯಾರನ್ನೂ ಕೇಳದೆ, ತನ್ನ ಮನೆಗೆ ಹೋಯಿತು. ಎರಡಕ್ಕೆ. ನಾಲ್ಕಕ್ಕೆ.

ಸೇನೆಯವರು ಡ್ರಮ್ಮನ್ನು ನಂಬಿ ಬೆಳೆದವರು. ಹಾಡು ಎಲ್ಲಿಗೆ ಹೋಗಲಿ, ದಪ್ಪ ಪೆಟ್ಟು ಬಿದ್ದಲ್ಲಿ ಎಡಗಾಲು ಇರಬೇಕು. ಈಗ ಅದು ಬಲಗಾಲಿನ ಮೇಲೆ ಬಿತ್ತು. ತಪ್ಪಿದ್ದು ತನ್ನದೇ ಕಾಲು ಎಂದುಕೊಂಡು, ಬಾವುಟ ಹಿಡಿದವನು ಮೊದಲು ಪುಟ್ಟದಾಗಿ ಕುಪ್ಪಳಿಸಿ ಹೆಜ್ಜೆ ಬದಲಿಸಿದ. ಬಾವುಟ ಬಾಗಿ ಕ್ಯಾಪ್ಟನ್ನಳ ಹ್ಯಾಟಿಗೆ ತಾಗಿತು. ಅವಳೂ ಕುಪ್ಪಳಿಸಿದಳು. ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಗಳಿಗೆಗೆ ಕಾಲು ಬದಲಿಸಿದರು. ದೊಡ್ಡ ಕಹಳೆಯವನು ಹೊರೇಸ್‌ನ ಬೆನ್ನಿಗೆ ಹೋಗಿ ಗುದ್ದಿದ. ಕಾರ್ನೆಟ್ಟಿನಿಂದ ಬಾತುಕೋಳಿಯ ದನಿ ಬಂತು. ಅಂತೂ ಎಲ್ಲರೂ ಹೊಸ ಹೆಜ್ಜೆಗೆ ಕೂಡುವಷ್ಟರಲ್ಲಿ ನೆವಿಲ್‌ಗೆ ಎಚ್ಚರವಾಯಿತು. ಗಾಬರಿಯಿಂದ ಪೆಟ್ಟನ್ನು ಒಂದಕ್ಕೆ ತಿರುಗಿ ತಂದ. ಇಡೀ ದಳ ಮತ್ತೆ ತಪ್ಪಿತು. ಮತ್ತೆ ಎಲ್ಲರೂ ಕುಪ್ಪಳಿಸಿದರು.

ಬೀದಿಯ ಎರಡೂ ಬದಿ ನಗು. ನಗುವಿನ ಜೊತೆಗೇ ಚಪ್ಪಾಳೆ, ಅದೂ ಎರಡಕ್ಕೆ, ನಾಲ್ಕಕ್ಕೆ. ನೆವಿಲ್ ಹಲ್ಲು ಕಚ್ಚಿ, ಆ ಚಪ್ಪಾಳೆಗಳ ವಿರುದ್ಧ ಈಜುವವನಂತೆ, ಒಂದಕ್ಕೆ ಬಾರಿಸುತ್ತ ನಡೆದ. ಕಿವಿ ಕಾದು ಕೆಂಪಾಗಿತ್ತು. ಇನ್ನು ಈ ಮಾತು ಮತ್ತೆ ಎತ್ತುವಂತಿಲ್ಲ ಎಂದು ಅವನಿಗೆ ಪ್ರತಿ ಪೆಟ್ಟಿನಲ್ಲೂ ಕೇಳಿಸಿತು.

ರೈಬಿ ಚೌಕದಲ್ಲಿ ದಳ ವೃತ್ತವಾಗಿ ನಿಂತಿತು. ಬೀದಿಯಲ್ಲಿ ಕೃಪಾಸನದ ಬೆಂಚು ಇರುವುದಿಲ್ಲ. ಹಾಗಾಗಿ ಡ್ರಮ್ಮನ್ನೇ ಮಗ್ಗುಲಿಗೆ ಮಲಗಿಸುತ್ತಾರೆ, ಬೇಕಾದವರು ಅದರ ಮುಂದೆ ಮೊಣಕಾಲೂರುತ್ತಾರೆ. ಸೇನೆಯ ಹಳೆಯ ಪದ್ಧತಿ ಅದು. ನೆವಿಲ್ ಪಟ್ಟಿ ಕಳಚಿ, ಡ್ರಮ್ಮನ್ನು ಕಲ್ಲಿನ ನೆಲದ ಮೇಲೆ ಮಲಗಿಸಿ ಹಿಂದೆ ಸರಿದ.

"ಶೋಕಿ," ಎಂದ ಹೊರೇಸ್, ಬೆನ್ನು ನೀವಿಕೊಳ್ಳುತ್ತ.

"ಶೋಕಿಯಲ್ಲ ಹೊರೇಸ್. ಕೈ ತಪ್ಪಿತು."

"ಅದನ್ನೇ ನಾನೂ ಹೇಳ್ತಿರೋದು. ನಿನ್ನ ಕೈ ಈಗ ನಮ್ಮದಲ್ಲ."

ಕ್ಯಾಪ್ಟನ್ ಚಿಕ್ಕದಾಗಿ ಪ್ರಾರ್ಥಿಸಿದಳು. ಭಾರ ಹೊತ್ತವರು ಯಾರಾದರೂ ಇದ್ದರೆ ಬನ್ನಿ ಎಂದು ಕರೆದಳು. ಯಾರೂ ಅವನ ಕಡೆ ನೋಡಲಿಲ್ಲ. ಎಲ್ಲರೂ ಅಷ್ಟು ಜತನದಿಂದ ಬೇರೆ ಕಡೆ ನೋಡುತ್ತಿದ್ದರೆಂದರೆ, ಅವರು ಯಾರನ್ನು ಕಾಯುತ್ತಿದ್ದಾರೆಂದು ಬಸ್ಸಿಗೆ ನಿಂತವರಿಗೂ ತಿಳಿಯುವಂತಿತ್ತು. ಒಂದು ಸಲ ಮೊಣಕಾಲೂರಿದರೆ ಆಯಿತು. ತಪ್ಪಿದ ಹೆಜ್ಜೆ ಮರೆತುಹೋಗುತ್ತದೆ, ಹೆಸರು ಮರಳುತ್ತದೆ, ನೀಲಿ ಕೋಟು ಬರುತ್ತದೆ. ನೆವಿಲ್‌ನ ಮೊಣಕಾಲು ಸಿದ್ಧವಾಗಿತ್ತು. ಬಾಯಿ ಸಿದ್ಧವಿರಲಿಲ್ಲ. ಅವನು ನಿಂತೇ ಇದ್ದ.

"ಎನಿಡ್, ತಳ್ಳು," ಎಂಬ ದನಿ ಕೇಳಿತು.

ಗಾಲಿಕುರ್ಚಿ ಕಲ್ಲಿನ ಮೇಲೆ ಕಟಕಟ ಎನ್ನುತ್ತ ವೃತ್ತದೊಳಗೆ ಬಂತು. ಜೀವಮಾನವಿಡೀ ಬೇರೆಯವರಿಗಾಗಿ ಆ ಡ್ರಮ್ಮನ್ನು ಮಲಗಿಸಿದ್ದವನು ಹರ್ಬರ್ಟ್ ಮಾಲ್ಟ್‌ಬಿ. ಅದರ ಮುಂದೆ ಅವನೇ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಕೆಳಗಿಳಿಸು ನನ್ನ."

"ಅಪ್ಪಾ, ಡಾಕ್ಟ್ರು ಬೇಡ ಅಂದಿದಾರೆ."

"ಡಾಕ್ಟ್ರಿಗೆ ಹೇಳಬೇಡ."

ಎನಿಡ್‌ಳಿಂದ ಆಗಲಿಲ್ಲ. ನೆವಿಲ್ ಹೋಗಿ ಅಪ್ಪನ ಕಂಕುಳಲ್ಲಿ ಕೈ ಹಾಕಿದ. ಮುದುಕ ನೆನೆದ ಬಲೆಯಂತೆ ಭಾರವಾಗಿದ್ದ. ನಿಂತು ಹಿಡಿಯಲು ಆಗದೆ ನೆವಿಲ್ ಅವನ ಜೊತೆಗೇ ಕುಸಿದು, ಮೊಣಕಾಲ ಮೇಲೆ ಕೂತು, ಆ ಭಾರವನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಡ್ರಮ್ಮಿನ ಚರ್ಮದ ಮೇಲೆ ಅಪ್ಪನ ಎರಡು ಕೈ ಬಂದು ನಿಂತವು. ಮೀನಿನ ಕತ್ತಿಯ ಹಳೆಯ ಗಾಯಗಳ ಕೈ.

ಬಂದವರ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳುವುದು ಸಾರ್ಜೆಂಟನ ಕೆಲಸ. ಹೊರೇಸ್ ಕಾರ್ನೆಟ್ ಬೇರೆಯವರಿಗೆ ಕೊಟ್ಟು ಇನ್ನೊಂದು ಬದಿಗೆ ಬಂದು ಮೊಣಕಾಲೂರಿದ.

"ಏನು ಭಾರ ತಂದಿದೀಯ, ಹರ್ಬರ್ಟ್?"

ಅಪ್ಪ ಉಸಿರೆಳೆದುಕೊಂಡ.

"ನಾನು ಇಷ್ಟು ವರ್ಷ ಬಾರಿಸಿದೆ. ನೀವು ನನ್ನ ಡ್ರಮ್ಮು ಕೇಳಿ ನಡೀಲಿಲ್ಲ, ಹೊರೇಸ್. ನೀವು ನಡೆದಿದ್ದನ್ನ ನೋಡ್ಕೊಂಡು ನಾನು ಬಾರಿಸ್ತಿದ್ದೆ. ಇವನು ಹುಡುಗ ಇದ್ದಾಗಲೇ ನೀವು ಇವನನ್ನ ಕೇಳಿ ನಡೀತಿದ್ರಿ. ನನಗೆ ಅದು ಗೊತ್ತಾಗ್ತಿತ್ತು. ಹೊಟ್ಟೆ ಉರೀತಿತ್ತು. ಆಮೇಲೆ ನಿಯಮ ಸಿಕ್ಕಿತು, ಅದನ್ನ ಹಿಡ್ಕೊಂಡೆ." ಸ್ವಲ್ಪ ನಿಂತು, "ಇವತ್ತು ಇವನು ತಪ್ಪಿದ, ಸರಿ. ಆದ್ರೆ ಆ ಎಂಬತ್ತು ದಾಟಿದ ಐವಿ ಕೂಡ ಕುಪ್ಪಳಿಸಿದ್ಳು ಕಣಯ್ಯಾ. ನನ್ನ ಡ್ರಮ್ಮಿಗೆ ಅವಳು ರೆಪ್ಪೆ ಕೂಡ ಹೊಡೀಲಿಲ್ಲ."

ಹೊರೇಸ್‌ಗೆ ಕೇಳಿ ಅಭ್ಯಾಸವಿದ್ದದ್ದು ಕುಡಿತ, ಜೂಜು, ಇಂಥವು. ಇದು ಹೊಸದು. ಕೈಯನ್ನು ಹರ್ಬರ್ಟ್‌ನ ಬೆನ್ನ ಮೇಲಿಟ್ಟ. ಆಮೇಲೆ, ಕರ್ತವ್ಯ ಬಿಡಲಾರದವನು, ಆ ಬೆನ್ನಿನ ಮೇಲಿಂದಲೇ ನೆವಿಲ್‌ನನ್ನು ನೋಡಿದ.

"ನೀನು? ನೀನು ಯಾಕೆ ಬಂದಿದೀಯ?"

"ಅಪ್ಪನ್ನ ಹಿಡ್ಕೊಳ್ಳೋಕೆ."

"ಅಷ್ಟೇನಾ?"

ಅಷ್ಟೇ ಎಂದರೆ ಅದೂ ಸುಳ್ಳಾಗುತ್ತಿತ್ತು. ಹೆಗಲ ಮೇಲೆ ಅಪ್ಪನ ಉಸಿರು ತಾಗುತ್ತಿತ್ತು.

"ಅಮ್ಮ ಹೋದಾಗ ನಾನು ಬರಲಿಲ್ಲ. ಅದಕ್ಕೆ ಕ್ಷಮೆ ಕೇಳ್ತೀನಿ. ಕುಡಿದಿದ್ದಕ್ಕೂ. ಬಾರಿಸಿದ್ದಕ್ಕೆ ಕೇಳಲ್ಲ, ಹೊರೇಸ್. ಅಲ್ಲಿ ಬಾರಿಸಿದ್ದೂ ಇದೇ ಕೈ, ಇಲ್ಲಿ ಬಾರಿಸಿದ್ದೂ ಇದೇ. ಕೊಟ್ಟಿದಾನಲ್ಲ ದೇವರು, ಅದಕ್ಕೆ ಉಪಕಾರ ಆಯ್ತು ಅಂತ ಹೇಳ್ತೀನಿ. ಹಳೇದನ್ನ ಬಿಟ್ಟೆ ಅಂತ ಮಾತ್ರ ಬರ್ಕೋಬೇಡ. ನಾಳೆ ರಾಯ್ ಫೋನ್ ಮಾಡಿದ್ರೆ ಹೋಗ್ತೀನಿ."

"ಉಪಕಾರಕ್ಕೂ ಇದೇ ಜಾಗ," ಎಂದಳು ಕ್ಯಾಪ್ಟನ್ ಹಿಂದಿನಿಂದ. "ಅಳೋರಿಗೆ ಮಾತ್ರ ಅಂತ ಎಲ್ಲೂ ಇಲ್ಲ."

"ನಾನು ನಿಯಮ ನೋಡಬೇಕು," ಎಂದ ಹೊರೇಸ್.

"ನೋಡಿ, ಸಾರ್ಜೆಂಟ್. ಗುರುವಾರದ ಅಭ್ಯಾಸಕ್ಕೆ ತಂದು ಓದಿ ಹೇಳಿ. ಈಗ ಏಳಿ. ನಿಮ್ಮ ಮೂರು ಜನರ ಮೊಣಕಾಲೂ ಒಟ್ಟಿಗೆ ಹಿಡ್ಕೊಂಡ್ರೆ ಎತ್ತೋಕೆ ನನ್ನ ಹತ್ರ ಆಳಿಲ್ಲ."

ಅಪ್ಪನನ್ನು ಕುರ್ಚಿಗೆ ಏರಿಸಲು ಬಸ್ಸಿಗೆ ನಿಂತಿದ್ದ ಇಬ್ಬರು ಬಂದರು. ಐವಿ ತನ್ನ ಕರವಸ್ತ್ರದಿಂದ ಅವನ ಮಂಡಿಯ ಧೂಳು ಕೊಡವಿದಳು. "ಕುಪ್ಪಳಿಸಿದ್ದು ಯಾರಂತೆ? ನಾನು ನಡೆಯೋದೇ ಹಾಗೆ," ಎಂದಳು. ಹರ್ಬರ್ಟ್, ನೆವಿಲ್ ಊರಿಗೆ ಬಂದ ಮೇಲೆ ಮೊದಲ ಸಲ, ದನಿ ಎತ್ತಿ ನಕ್ಕ.

ಡ್ರಮ್ಮು ಕಲ್ಲಿನ ಮೇಲೇ ಮಲಗಿತ್ತು. ನೆವಿಲ್ ಅದನ್ನು ಮುಟ್ಟಲಿಲ್ಲ. ಕರೆಯದೆ ಮುಟ್ಟಬಾರದು ಎನಿಸಿತ್ತು ಅವನಿಗೆ. ಹೊರೇಸ್ ತಾನೇ ಬಗ್ಗಿ, ಬೆನ್ನುನೋವಿಗೆ ನರಳುತ್ತ, ಡ್ರಮ್ಮನ್ನೆತ್ತಿ ಅವನ ಮುಂದೆ ಹಿಡಿದ.

"ತಗೋ. ಇದು ತಾನಾಗೇ ನಡೆಯಲ್ಲ." ಕೊಡುವಾಗ ಕೈ ಬಿಡದೆ, "ಗುರುವಾರ ಬರ್ತೀಯಾ? ಅಭ್ಯಾಸಕ್ಕೆ?"

"ಬರ್ತೀನಿ," ಎಂದ ನೆವಿಲ್. ಈ ಸಲ ನಗಲಿಲ್ಲ.

"ಸಮವಸ್ತ್ರ ಇಲ್ಲ."

"ಬೇಡ. ಕಂದು ಕೋಟು ಇದೆ."

ಮರಳುವಾಗ ರೈಲು ಗೇಟಿನ ದಾರಿ ಹಿಡಿದರು. ಅವನು ಬಿಗಿಯಾಗಿ, ಕಲಿಯುವ ಮಗುವಿನಂತೆ ಎಣಿಸಿಕೊಂಡು, ಪೆಟ್ಟನ್ನು ಒಂದರ ಮೇಲಿಟ್ಟ. ಗೇಟಿನ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆದು ಗೇಟು ಬಿತ್ತು. ಕ್ಯಾಪ್ಟನ್ ಕೈ ಎತ್ತಿದಳು. ದಳ ನಿಲ್ಲಲಿಲ್ಲ, ನಿಂತಲ್ಲೇ ಹೆಜ್ಜೆ ಹಾಕಿತು, ಮೆರವಣಿಗೆಯ ರೂಢಿಯಂತೆ. ಕಹಳೆಗಳು ಊದುತ್ತಲೇ ಇದ್ದವು.

ಕ್ಲೀಥೋರ್ಪ್ಸ್‌ನ ರೈಲು ಬಂತು. ಅದರ ಗದ್ದಲದಲ್ಲಿ ಹಾಡು ಮುಳುಗಿತು, ಕಹಳೆ ಮುಳುಗಿತು, ನೆವಿಲ್‌ಗೆ ತನ್ನ ಡ್ರಮ್ಮೂ ಕೇಳಿಸಲಿಲ್ಲ. ಎಣಿಸುವುದನ್ನು ಬಿಟ್ಟು ಅವನು ಬಾರಿಸಿದ. ಹೊಟ್ಟೆಗೆ ಒತ್ತಿದ ಚರ್ಮದ ನಡುಕ ಮಾತ್ರ ತಿಳಿಯುತ್ತಿತ್ತು. ಅದು ಮುಂದಿದ್ದವರಿಗೆ, ಹಿಂದಿದ್ದವರಿಗೆ ತಿಳಿಯುತ್ತಿದೆಯೋ ಇಲ್ಲವೋ ನೋಡಲು ಅವನು ತಲೆ ತಿರುಗಿಸಲಿಲ್ಲ. ಡಬ್ಬಿಗಳ ಮೇಲೆ ಡಬ್ಬಿ ಹಾದುಹೋದವು. ಕಿಟಕಿಗಳಲ್ಲಿ ಮಕ್ಕಳು ಕೈ ಬೀಸಿದರು.

ಕೊನೆಯ ಡಬ್ಬಿ ದಾಟಿತು. ಗದ್ದಲ ಸಮುದ್ರದ ಕಡೆಗೆ ಹೊರಟುಹೋಯಿತು. ಅಷ್ಟರಲ್ಲಿ ಕಹಳೆಗಳ ಹಾಡೂ ಮುಗಿದಿತ್ತು. ಬಯಲಾದ ಆ ಮೌನದಲ್ಲಿ ಅವನಿಗೆ ಮೊದಲು ಕೇಳಿಸಿದ್ದು ಅವನ ಡ್ರಮ್ಮಲ್ಲ, ಕಾಲುಗಳು. ಅಷ್ಟೂ ಮುದಿ ಕಾಲುಗಳು, ಬೂಟುಗಳು, ಐವಿಯ ಊರುಗೋಲಿನ ತುದಿ, ಎಲ್ಲ ಒಟ್ಟಿಗೆ ನೆಲಕ್ಕಿಳಿಯುತ್ತಿದ್ದವು. ಅವನ ಪೆಟ್ಟಿಗೆ ಒಂದೂ ತಪ್ಪಿರಲಿಲ್ಲ.

ಗೇಟು ಮೇಲೆದ್ದಿತು.

"ನಡಿ," ಎಂದ ಅಪ್ಪ ಹಿಂದಿನಿಂದ. "ಚಳಿಯಾಗ್ತಿದೆ."